ಹದಿನೆಂಟು ಹೆಜ್ಜೆ ಆಚೆಯ ಕಂಬ

ಆ ದಿನ ಬೆಳಿಗ್ಗೆ ಅವರು ಅಂಗಿಯ ಗುಂಡಿಗಾಗಿ ನನ್ನ ಮೇಲೆ ರೇಗಿದರು. ಮೇಲಿನಿಂದ ಎರಡನೆಯ ಗುಂಡಿ. ಹೊಲಿಯುತ್ತೇನೆ, ಹೊಲಿಯುತ್ತೇನೆ ಎಂದು ಮೂರು ದಿನದಿಂದ ಹೇಳುತ್ತಿದ್ದೆ. ಕೊನೆಗೆ ಪಿನ್ನು ಚುಚ್ಚಿಕೊಂಡು ಹೋದರು. ಮಧ್ಯಾಹ್ನ ಬಂದು ಉಂಡು ಮಲಗಿದರು. ವಿಶೇಷವೇನೂ ಇರಲಿಲ್ಲ.

ನನ್ನ ಗಂಡನದು ಬೀದಿದೀಪದ ಕೆಲಸ. ಪುರಸಭೆಯಲ್ಲಿ ಇಪ್ಪತ್ತಾರು ವರ್ಷ ಅದನ್ನೇ ಮಾಡಿದರು. ಊರಿನ ಹದಿನಾಲ್ಕು ಕಂಬಗಳಿಗೆ ಕಬ್ಬಿಣದ ಡಬ್ಬಿ ಇದೆ, ಒಳಗೆ ಸ್ವಿಚ್ಚಿನ ಹಿಡಿ. ಸಂಜೆ ಸೈಕಲ್ಲಿನಲ್ಲಿ ಹೋಗಿ ಹದಿನಾಲ್ಕು ಹಿಡಿಗಳನ್ನೂ ಮೇಲೆತ್ತಬೇಕು, ಬೆಳಿಗ್ಗೆ ಕೆಳಗಿಳಿಸಬೇಕು. ಹಗಲಿನಲ್ಲಿ ಎಲ್ಲಾದರೂ ದೀಪ ಉರಿಯುವುದು ಕಂಡರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ನೆಂಟರ ಊರಿಗೆ ಹೋದರೂ ಕಂಬಗಳನ್ನು ನೋಡಿ ಗೊಣಗುತ್ತಿದ್ದರು. ಅವರ ಜೊತೆ ಬೀದಿಯಲ್ಲಿ ನಡೆಯುವುದೆಂದರೆ ನನಗೆ ನಾಚಿಕೆ.

ನಾನು ನಾಲ್ಕನೇ ತರಗತಿಯವರೆಗೆ ಓದಿದವಳು. ಸರ್ಕಾರ ಅಂದರೆ ಒಂದೇ ಎಂದುಕೊಂಡಿದ್ದೆ. ಅಲ್ಲ, ಮೂರಿವೆ ಎಂದು ಹೇಳಿದವರು ಅವರೇ. ನಾನು ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ಕೂತು ಪಾಠ ಮಾಡುತ್ತಿದ್ದರು.

"ಕೇಂದ್ರ ಅಂದ್ರೆ ಅತ್ತೆ. ರಾಜ್ಯ ಅಂದ್ರೆ ಹಿರಿ ಸೊಸೆ. ಅತ್ತೆ ಪೆಟ್ಟಿಗೆ ಬೇರೆ, ಹಿರಿ ಸೊಸೆ ಪೆಟ್ಟಿಗೆ ಬೇರೆ. ಇವಳದಕ್ಕೆ ಅವಳು ಕೈ ಹಾಕೋ ಹಾಗಿಲ್ಲ ಅಂತ ಮೊದಲೇ ಬರೆದಿಟ್ಟಿದಾರೆ."

"ಪುರಸಭೆ?"

"ಕಿರಿ ಸೊಸೆ. ಅವಳ ಪೆಟ್ಟಿಗೆ ಹಿರಿಯವಳು ಕೊಟ್ಟಿದ್ದು. ಬೀಗದಕೈನೂ ಹಿರಿಯವಳ ಸೊಂಟದಲ್ಲೇ. ಕಸ ಗುಡಿಸೋದು, ನೀರು ತರೋದು, ದೀಪ ಹಚ್ಚೋದು ಮಾತ್ರ ಇವಳು."

ನಾನು ಆ ಮನೆಗೆ ಕಿರಿ ಸೊಸೆಯಾಗಿ ಬಂದವಳು. ಇದನ್ನು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಹಾಗೇ ಅಂದೆ. ಅವರು ನಕ್ಕು ಲೋಟ ಒರೆಸಿ ಕೊಟ್ಟರು.

ಆ ದಿನ ಸಂಜೆ ಐದಕ್ಕೆ ಎದ್ದರು. ಹೊಸ ಬಲ್ಬನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಏಣಿಯನ್ನು ಸೈಕಲ್ಲಿಗೆ ಕಟ್ಟಿದರು. ಕೊನೆ ಕಂಬದ ದೀಪ ಎರಡು ದಿನದಿಂದ ಕಣ್ಣು ಹೊಡೆಯುತ್ತಿದೆ ಎಂದರು. ಈ ವಯಸ್ಸಿನಲ್ಲಿ ನಿಮಗೆ ಅದಾದರೂ ಹೊಡೆಯಿತಲ್ಲ, ಹೋಗಿ ವಿಚಾರಿಸಿ ಎಂದೆ. ಬರುವಾಗ ಈರುಳ್ಳಿ ತನ್ನಿ ಎಂದೆ. ಅವರಿಗೆ ನಾನು ಹೇಳಿದ ಕೊನೆಯ ಮಾತು ಈರುಳ್ಳಿ.

ಲಾರಿ ಏಣಿಗೆ ತಾಗಿತು. ಅವರು ಮೇಲಿದ್ದರು. ಬಲ್ಬು ಹಾಕಿ ಆಗಿತ್ತು. ನಾನು ಓಡಿ ಹೋಗುವಷ್ಟರಲ್ಲಿ ಕತ್ತಲಾಗುತ್ತಿದೆಯೆಂದು ಯಾರೋ ಡಬ್ಬಿ ತೆಗೆದು ದೀಪ ಹಾಕಿದ್ದರು. ಆ ಬೆಳಕಿನಲ್ಲೇ ಅವರ ಮುಖ ನೋಡಿದೆ. ಅಂಗಿಯಲ್ಲಿ ಪಿನ್ನು ಹಾಗೇ ಇತ್ತು.

ಹದಿನೈದು ದಿನ ಬಿಟ್ಟು ಮರಣದ ಕಾಗದ ಬರೆಸಲು ಪುರಸಭೆಗೆ ಹೋದೆ. ಅಲ್ಲಿನ ಗುಮಾಸ್ತರು ಅವರ ಹಳೆಯ ಸ್ನೇಹಿತರು. ನನ್ನನ್ನು ಕಂಡು ಕಣ್ಣು ಒರೆಸಿಕೊಂಡರು, ಆಮೇಲೆ ನಕ್ಷೆ ತೆಗೆದರು. ಮನುಷ್ಯ ಎಲ್ಲಿ ಸತ್ತನೋ ಅಲ್ಲಿನ ಪುಸ್ತಕದಲ್ಲೇ ಬರೆಯಬೇಕಂತೆ. ನಕ್ಷೆಯ ಪ್ರಕಾರ ಕೊನೆ ಕಂಬ ಪುರಸಭೆಯ ಗಡಿಯ ಹೊರಗೆ, ಪಕ್ಕದ ಹಳ್ಳಿಯ ಪಂಚಾಯಿತಿಗೆ ಸೇರಿದ್ದು. ಅಲ್ಲಿಗೆ ಹೋಗಿ ಎಂದರು.

ಹೋದೆ. ಪಂಚಾಯಿತಿ ಕಾರ್ಯದರ್ಶಿ ಚಿಕ್ಕ ವಯಸ್ಸಿನ ಹೆಂಗಸು. ನನ್ನನ್ನು ಹೊರಗೆ ಕರೆದುಕೊಂಡು ಬಂದು ರಸ್ತೆ ತೋರಿಸಿದಳು.

"ಗಡಿಕಲ್ಲು ನೋಡಿ ಅಕ್ಕಾ. ಕಂಬ ದಾಟಿ ಈಚೆ, ನಮ್ಮ ಹಳ್ಳಿ ಕಡೆಗಿದೆ. ಅಂದ್ರೆ ಕಂಬ ನಿಮ್ಮ ಪುರಸಭೇದು. ನಾನು ಬರೆದ್ರೆ ನಾಳೆ ನನ್ನನ್ನ ಕೇಳ್ತಾರೆ."

ಪೊಲೀಸರ ಹತ್ತಿರ ಹೋದೆ. ಅವರು ರಾಜ್ಯದವರು. 'ಕೊನೆ ಕಂಬದ ಬುಡದಲ್ಲಿ' ಎಂದು ಬರೆದಿದ್ದರು. ಯಾವ ಊರಿನ ಕಂಬ ಎಂದು ಕೇಳಿದರೆ ಕಂಬ ಕಂಬವೇ ಅಮ್ಮಾ ಎಂದರು. ರಸ್ತೆಯೂ ರಾಜ್ಯದ್ದೇ, ಆದರೆ ರಸ್ತೆಯವರ ಹತ್ತಿರ ಸತ್ತವರ ಪುಸ್ತಕವಿಲ್ಲ.

ನಾಲ್ಕು ತಿಂಗಳು ಹೀಗೆ ಓಡಾಡಿದೆ. ಬೆಳಿಗ್ಗೆ ಈ ಕಚೇರಿ, ಮಧ್ಯಾಹ್ನ ಆ ಕಚೇರಿ. ಮನೆಯಲ್ಲಿ ಕೂತರೆ ಕಾಲು ಸುಮ್ಮನಿರುವುದಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟು ಬೀದಿಗೆ ಬಂದು ನಿಲ್ಲುತ್ತೇನೆ. ಯಾಕೆ ಬಂದೆ ಎಂದು ಗೊತ್ತಾಗದೆ ಒಳಗೆ ಹೋಗುತ್ತೇನೆ. ಸತ್ತ ಮನುಷ್ಯ ಎಲ್ಲಿಯಾದರೂ ಸತ್ತಿರಲೇಬೇಕು. ನನ್ನವರು ಎಲ್ಲಿಯೂ ಸತ್ತಿರಲಿಲ್ಲ. ನನ್ನನ್ನು ತಿನ್ನುತ್ತಿದ್ದದ್ದು ಅದು.

ಇನ್ನೊಂದೂ ಇತ್ತು. ಕಲ್ಲು ಅಲ್ಲಿಗೆ ಹೇಗೆ ಬಂತೆಂದು ನನಗೆ ಗೊತ್ತಿತ್ತು.

ಎಂಟು ವರ್ಷದ ಹಿಂದೆ ರಸ್ತೆ ಅಗಲ ಮಾಡುವಾಗ ಯಂತ್ರ ಗಡಿಕಲ್ಲನ್ನು ಕಿತ್ತು ಚರಂಡಿಗೆ ಎಸೆದಿತ್ತು. ಮೊದಲಿದ್ದ ಕಡೆ ನೆಟ್ಟುಬಿಡು ಎಂದು ಪುರಸಭೆಯ ಇಂಜಿನಿಯರು ಇವರಿಗೆ ಬಾಯಿಮಾತಿನಲ್ಲಿ ಹೇಳಿದರು. ಆಗ ತಾನೇ ನಮ್ಮ ಮಗಳು ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಗೆ ಸೇರಿದ್ದಳು. ಸಂಜೆ ಬಸ್ಸು ಅವಳನ್ನೂ ಇನ್ನು ಹತ್ತು ಹನ್ನೆರಡು ಹೆಂಗಸರನ್ನೂ ಆ ಕೊನೆ ಕಂಬದ ಹತ್ತಿರ ಇಳಿಸುತ್ತಿತ್ತು. ಕಂಬ ಹಳ್ಳಿಯದು. ಬಲ್ಬು ಹಾಕಲು ಹಳ್ಳಿಯಲ್ಲಿ ಆಳಿರಲಿಲ್ಲ. ಅಲ್ಲಿ ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲು.

ಇವರು ಕಲ್ಲನ್ನು ಕಂಬದ ಆಚೆ ನೆಟ್ಟರು. ಕಲ್ಲು ಮೊದಲಿದ್ದ ಜಾಗದಿಂದ ಕಂಬಕ್ಕೆ ಹದಿನೆಂಟು ಹೆಜ್ಜೆ. ಕಂಬ ಗಡಿಯೊಳಗೆ ಬಂದರೆ ಪುರಸಭೆಯ ಉಗ್ರಾಣದಿಂದ ಬಲ್ಬು ಸಿಗುತ್ತದಲ್ಲ. ಒಬ್ಬರಿಗೆ ಎತ್ತಲಾಗುವುದಿಲ್ಲವೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವರು ಹಾರೆ ಹಿಡಿದರು. ಸುತ್ತ ಮಣ್ಣು ಹಾಕಿ ತುಳಿದವಳು ನಾನು. ಊರನ್ನು ಸ್ವಲ್ಪ ಅಗಲ ಮಾಡಿದೆವು ನೋಡು ಎಂದು ಬೆವರು ಒರೆಸಿಕೊಂಡರು. ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಅದು ಗೊತ್ತಿರಲಿಲ್ಲ.

ಐದನೇ ತಿಂಗಳಿಗೆ ರಾಜ್ಯದ ಸರ್ವೆಯವರು ಅಳತೆಗೆ ಬರುತ್ತಾರೆಂದು ತಿಳಿಯಿತು. ಹಿಂದಿನ ದಿನ ನಾನು ಮಗಳಿಗೆ ಕಲ್ಲಿನ ವಿಷಯ ಹೇಳಿದೆ. ಅವಳು ತಲೆ ಬಾಚುತ್ತಿದ್ದಳು. ಬಾಚಣಿಗೆ ಕೆಳಗಿಟ್ಟಳು.

"ಹೇಳಬೇಡ ಅಮ್ಮಾ. ಕಂಬ ಒಳಗಿದ್ರೆ ಅಪ್ಪ ಕೆಲಸದ ಮೇಲೆ ಸತ್ತರು ಅಂತ ಪುರಸಭೆಯವರು ಬರೀತಾರೆ. ಹೊರಗೆ ಅಂದ್ರೆ ಏನು ಬರೀತಾರೆ? ಯಾರದ್ದೋ ಕಂಬ ಹತ್ತಿದ್ದ ಅಂತ."

"ನಿಜ ಅದೇ ತಾನೆ."

"ನಿಂಗೆ ನಿಜ ಬೇಕಾ, ಅಪ್ಪನ ಮರ್ಯಾದೆ ಬೇಕಾ?"

ಬೀದಿಗೆ ಹೋಗಿ ನಿಂತೆ.

ಸರ್ವೆಯವರು ತಲೆ ನರೆತ ಮನುಷ್ಯ. ಸರಪಳಿ ಎಳೆದರು, ನಕ್ಷೆ ಬಿಡಿಸಿದರು, ಮತ್ತೆ ಎಳೆದರು. ಗುಮಾಸ್ತರು ಒಂದು ಕಡೆ, ಕಾರ್ಯದರ್ಶಿ ಒಂದು ಕಡೆ ನಿಂತಿದ್ದರು. ನಕ್ಷೆ ಒಂದು ಹೇಳುತ್ತದೆ, ಕಲ್ಲು ಒಂದು ಹೇಳುತ್ತದೆ ಎಂದರು ಸರ್ವೆಯವರು. ಕಲ್ಲು ಸರಿದದ್ದಕ್ಕೆ ಸಾಕ್ಷಿಯಿಲ್ಲದಿದ್ದರೆ ತಕರಾರು ಎಂದು ಬರೆದು ರಾಜಧಾನಿಗೆ ಕಳಿಸಬೇಕಂತೆ. ಅಲ್ಲಿಂದ ಉತ್ತರ ಬರುವ ತನಕ ಎರಡೂ ಕಡೆಯವರು ಏನೂ ಬರೆಯುವ ಹಾಗಿಲ್ಲ. ಎಷ್ಟು ದಿನ ಎಂದು ಕೇಳಿದೆ. ದಿನದ ಮಾತು ಬಿಡಿ ಎಂದರು. ಕಲ್ಲನ್ನು ಕಾಲಿನಿಂದ ತಟ್ಟಿದರು.

"ಇದೇನು ಇಲ್ಲಿಗೆ ತಾನೇ ನಡ್ಕೊಂಡು ಬಂತಾ?"

"ನಾವು ತಂದ್ವಿ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಯಾರು ಅಗೆದರು, ಯಾರು ತುಳಿದರು, ಯಾಕೆ ಎಂದು ಹೇಳಿದೆ. ಕಂಬದಿಂದ ಹಳೆಯ ಜಾಗಕ್ಕೆ ಹೆಜ್ಜೆ ಎಣಿಸಿಕೊಂಡು ಹೋಗಿ ನಿಂತೆ. ಸರಪಳಿಯೂ ಅಲ್ಲಿಗೇ ಬಂತು.

ಸರ್ವೆಯವರು ಬಹಳ ಹೊತ್ತು ಬರೆದರು. ಬರೆದು ಮುಗಿಸಿ ಕನ್ನಡಕ ತೆಗೆದರು.

"ಊರಿನ ಗಡಿ ಹಾಕೋದು ರಾಜ್ಯ, ಅಮ್ಮಾ. ಪುರಸಭೆಗೇ ಆ ಅಧಿಕಾರ ಇಲ್ಲ. ಮಂತ್ರಿಗಳು ಸಹಿ ಹಾಕಿ ಮಾಡೋ ಕೆಲಸಾನ ನಿಮ್ಮ ಯಜಮಾನ್ರು ಹಾರೆ ಹಿಡ್ಕೊಂಡು ಮಾಡಿದಾರೆ."

ಗುಮಾಸ್ತರು ನಗು ತಡೆಯಲು ಮುಖ ತಿರುಗಿಸಿದರು. ನನಗೂ ನಗು ಬಂತು. ಐದು ತಿಂಗಳಲ್ಲಿ ಮೊದಲ ಸಲ.

ಮರುವಾರ ಪಂಚಾಯಿತಿಯಲ್ಲಿ ಕಾಗದ ಸಿಕ್ಕಿತು. ಅವರ ಹೆಸರು, ತಾರೀಖು, ಹಳ್ಳಿಯ ಹೆಸರು. ಆ ಹಳ್ಳಿಯಲ್ಲಿ ಅವರು ಒಂದು ದಿನವೂ ಉಳಿದವರಲ್ಲ. ಪುರಸಭೆಯ ಪುಸ್ತಕದಲ್ಲಿ 'ಕೆಲಸದ ಮೇಲೆ ಇರಲಿಲ್ಲ' ಎಂದು ಬರೆದರು. ಮಗಳು ನನ್ನ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ಹತ್ತನೇ ದಿನ ಉಪ್ಪು ಎಲ್ಲಿ ಎಂದು ಕೇಳಿದಳು.

ಕಲ್ಲು ಹಳೆಯ ಜಾಗಕ್ಕೆ ಹೋಯಿತು. ಕಂಬ ನಮ್ಮದಲ್ಲ ಎಂದು ಪುರಸಭೆಯವರು ದೀಪ ಹಾಕುವುದನ್ನು ನಿಲ್ಲಿಸಿ, ಡಬ್ಬಿಯ ಬೀಗದಕೈಯನ್ನು ಪಂಚಾಯಿತಿಗೆ ಕೊಟ್ಟುಬಿಟ್ಟರು. ನಾನು ಕಾರ್ಯದರ್ಶಿಯ ಮುಂದೆ ಹೋಗಿ ಕೂತೆ. ಬಲ್ಬು ಬೇಕಾದರೆ ಕೊಡಿಸುತ್ತೇನೆ, ಹಾಕಿ ಆರಿಸಲು ನನ್ನ ಹತ್ತಿರ ಯಾರಿದ್ದಾರೆ ಅಕ್ಕಾ ಎಂದಳು. ನಾನಿದ್ದೇನೆ ಎಂದೆ. ನೀವು ಪುರಸಭೆ ಕಡೆಯವರಲ್ಲವಾ ಎಂದಳು. ನನ್ನ ಗಂಡ ನಿನ್ನ ಪುಸ್ತಕದಲ್ಲಿದ್ದಾರೆ ಎಂದೆ. ಡಬ್ಬಿಯ ಬೀಗದಕೈ ಕೊಟ್ಟಳು.

ಸಂಜೆ ಮಗಳು ಬಸ್ಸಿಳಿದು ಹಿಡಿ ಮೇಲೆತ್ತುತ್ತಾಳೆ. ಬೆಳಗಿನದು ನನ್ನದು. ಎದ್ದು ಮುಖ ತೊಳೆದು ಹೊರಡುತ್ತೇನೆ. ಕಲ್ಲಿನ ತನಕ ಎಣಿಸುವುದಿಲ್ಲ. ಕಲ್ಲು ದಾಟಿದ ಮೇಲೆ ಹದಿನೆಂಟು ಹೆಜ್ಜೆ ಎಣಿಸಿ ಕಂಬದ ಹತ್ತಿರ ಹೋಗಿ ಡಬ್ಬಿ ತೆಗೆದು ಹಿಡಿ ಕೆಳಗಿಳಿಸುತ್ತೇನೆ, ಬೀಗ ಹಾಕುತ್ತೇನೆ. ಸ್ವಲ್ಪ ದೂರ ಬಂದವಳು ನಿಜವಾಗಿ ಆರಿದೆಯೋ ಇಲ್ಲವೋ ಎಂದು ಮತ್ತೆ ತಿರುಗಿ ಹೋಗುತ್ತೇನೆ. ಆರಿರುತ್ತದೆ. ಆದರೂ ಒಮ್ಮೆ ಹಿಡಿ ಮುಟ್ಟಿ ನೋಡುತ್ತೇನೆ.