ಎರಡು ಟಿವಿಗಳ ತ್ಸೆಂಗ್ ಯಜಮಾನರು

ಕೀಲುಂಗ್ ಬಂದರಿನ ಹಿಂದಿನ ಓಣಿಯಲ್ಲಿ ಹಳೆಯ ವಿಡಿಯೋ ಗೇಮ್ ಮಾರುವ ತ್ಸೆಂಗ್ ಯಜಮಾನರನ್ನು "ಬಾಸ್ಕೆಟ್‌ಬಾಲ್ ಗೇಮುಗಳಲ್ಲಿ ಯಾವುದು ನಿಜವಾದ ಆಟದ ಹಾಗಿದೆ?" ಅಂತ ಕೇಳಿದಿರೋ, ಆ ದಿನದ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಅಕ್ಕಪಕ್ಕದ ಎರಡು ಟಿವಿಗಳಲ್ಲಿ ಕೆಂಪು ಡಬ್ಬಿಯ ಗೇಮು ಒಂದು, ನೀಲಿ ಡಬ್ಬಿಯದು ಒಂದು ಹಾಕಿ, ಸೋಯಾ ಹಾಲು ಹೀರುತ್ತಾ ವಿಚಾರಣೆಗೆ ಕೂರುತ್ತಾರೆ. "ಕೆಂಪಿನವನ ಬೆವರು ನೋಡಿ, ಎಣ್ಣೆ ಮೆತ್ಕೊಂಡು ಬಂದಂಗಿದೆ! ಈ ನೀಲಿಯವನೋ, ನಲವತ್ತು ನಿಮಿಷ ಓಡಿದ್ರೂ ಏದುಸಿರಿಲ್ಲ. ಇವನೇನು ಮನುಷ್ಯನಾ, ಫ್ಯಾನಾ?" ಚೆಂಡು ಪುಟಿಯುವ ಸದ್ದಿಗೆ ಟಿವಿಗೇ ಕಿವಿಯಿಡುತ್ತಾರೆ, ಶೂ ಕಿರ್ರೆನ್ನುವುದಕ್ಕೂ ಅಂಕ ಕೊಡುತ್ತಾರೆ. ನಾನೊಮ್ಮೆ ತಾಳ್ಮೆಗೆಟ್ಟು, "ಯಾವುದೋ ಒಂದು ಹೇಳ್ಬಿಡಿ ಯಜಮಾನ್ರೇ, ತಗೊಂಡು ಹೋಗ್ತೀನಿ" ಅಂದೆ. ಅವರು ನೀಲಿ ಗೇಮಿನಲ್ಲಿ ಒಬ್ಬ ಆಟಗಾರನನ್ನು ಬೇಕಂತಲೇ ಬೀಳಿಸಿದರು. ಬೆಂಚಿನಲ್ಲಿದ್ದ ಬದಲಿ ಆಟಗಾರನೊಬ್ಬ ಟವೆಲ್ ಹಿಡಿದು ಓಡಿಬಂದು, ಮಂಡಿಯೂರಿ ನೆಲದ ಬೆವರು ಒರೆಸಿ ಹೋದ. "ಮೂರು ವರ್ಷ ಶಾಲೆ ತಂಡದಲ್ಲಿದ್ದೆ. ಒಂದು ನಿಮಿಷಾನೂ ಆಡಿಸ್ಲಿಲ್ಲ. ಇದೇ ನನ್ನ ಕೆಲಸ ಆಗಿತ್ತು" ಅಂದರು. ಆಮೇಲೆ ಎದ್ದು ನಿಂತು, ಆ ಟಿವಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು: "ಈ ಗೇಮ್ ಮಾಡಿದ ಯಾರೋ ಪುಣ್ಯಾತ್ಮ ನಮ್ಮನ್ನೂ ನೋಡಿದ್ದಾನಲ್ಲ."