ಹುಣಸೆ ರಸದಲ್ಲಿ ತೊಳೆದ ಮೊಟ್ಟೆ

ಮೊಟ್ಟೆ ಮಾರುವ ಅಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ಕೋಳಿ ಕುಕ್ಕಿ ಕುಕ್ಕಿ ನಡುವೆ ಸೀಳಿತ್ತು. ಆ ಬೆರಳಿಗೆ ತೋರುಬೆರಳು ಸುತ್ತಿ ಕೊಳವೆ ಮಾಡಿ, ಅದರ ತುದಿಗೆ ಮೊಟ್ಟೆಯಿಟ್ಟು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. "ತಾಜಾ ಐತೆ, ತಗಳಮ್ಮ" ಅನ್ನದೆ ಒಂದನ್ನೂ ಕೊಡುತ್ತಿರಲಿಲ್ಲ. ಅವಳ ಊರು ಮೊಳಕಾಲ್ಮೂರಿನ ಕಡೆ, ಆಂಧ್ರದ ಗಡಿಯಲ್ಲಿ. ಚಳ್ಳಕೆರೆ ಸಂತೆಯಲ್ಲಿ ಕೂತರೆ ಗಿರಾಕಿಗಳ ಜೊತೆ ಕನ್ನಡ, ಬುಟ್ಟಿಯ ಕೋಳಿಗಳ ಜೊತೆ ತೆಲುಗು.

ನಮ್ಮದು ವಿಭೂತಿ ಹಚ್ಚುವ ಮನೆ. ಮೊಟ್ಟೆ ಎಂಬ ಮಾತೂ ಹೊಸಿಲು ದಾಟಿರಲಿಲ್ಲ. ಮಗಳು ಜ್ವರ ಬಂದು ಸೊರಗಿದಾಗ ಡಾಕ್ಟರು ದಿನಕ್ಕೊಂದು ಮೊಟ್ಟೆ ಕೊಡಿ ಅಂದರು. "ಹಿತ್ತಲಾಗೆ ಬೇಯಿಸು, ಒಳಗೆ ತರಬ್ಯಾಡ" ಅಂತ ಅತ್ತೆ ಒಪ್ಪಿದರು. ಕಂದು ಮೊಟ್ಟೆಯಲ್ಲೇ ಶಕ್ತಿ, ಬಿಳಿಯದು ಬರೀ ನೀರು ಅಂತ ಯಾರೋ ಹೇಳಿದ್ದನ್ನು ನಂಬಿಕೊಂಡು ಅಜ್ಜಿಯ ಹತ್ತಿರ ಹೋಗಿ ಕಂದೇ ಬೇಕು ಅಂದೆ.

"ಯಾವ್ದಾದ್ರೇನಮ್ಮ, ಒಳಗೆಲ್ಲಾ ಒಂದೇ. ಮೇವು ಚೆಂದ ಇದ್ರೆ ತತ್ತೀನೂ ಚೆಂದ" ಅಂದಳು. ಬುಟ್ಟಿಯಲ್ಲಿದ್ದ ಬಿಳಿ ಕೋಳಿಯ ತಲೆ ತಿರುಗಿಸಿ ತೋರಿಸಿದಳು. "ಕಿವಿ ಬುಡದ ತೊಗಲು ನೋಡು. ಬೆಳ್ಳಗಿದ್ರೆ ಬಿಳಿ ತತ್ತಿ, ಕೆಂಪಗಿದ್ರೆ ಕಂದು. ಬಾಳ ಮಟ್ಟಿಗೆ ಹಂಗೇ." ಕೋಳಿಗೆ ಕಿವಿ ಇದೆ ಅನ್ನುವುದೇ ನನಗೆ ಅವತ್ತು ಗೊತ್ತಾಗಿದ್ದು! ಆದರೂ ಹಟ ಬಿಡದೆ ಆರು ಕಂದು ಮೊಟ್ಟೆ ತಂದೆ.

ಕೋಳಿಯ ಹೊಲಸು ಅಂಟಿರುತ್ತದಲ್ಲ ಅಂತ ಮುಟ್ಟಲೂ ಮುಜುಗರ. ಹಿತ್ತಾಳೆ ತಂಬಿಗೆ ಬೆಳಗುವ ಹಾಗೆ ಹುಣಸೆ ರಸದಲ್ಲಿ ನೆನೆಹಾಕಿ ತೆಂಗಿನ ನಾರಿನಿಂದ ಗಸಗಸ ಉಜ್ಜಿದೆ. ಬಣ್ಣ ಬಿಟ್ಟಿತು! ಕೆಳಗೆ ಬರೀ ಬಿಳಿ. ನನ್ನ ಮೈ ಉರಿದುಹೋಯಿತು. ಕಾಯಿಲೆ ಮಗುವಿಗೆ ಬಣ್ಣ ಬಳಿದ ಮೊಟ್ಟೆ ಕೊಟ್ಟಳಲ್ಲ! ಆರನ್ನೂ ಆಗಲೇ ಸಂತೆಗೆ ವಾಪಸ್ ಒಯ್ದು, ಎಲ್ಲರೆದುರು ಕೂಗಾಡಿದೆ. "ಟೀ ಡಿಕಾಕ್ಷನ್ನಾಗೆ ಅದ್ದಿ ಮಾರ್ತೀಯಾ? ನಾಚ್ಕೆ ಆಗಲ್ವಾ ನಿನಗೆ?"

ಅಜ್ಜಿ ಮೊಟ್ಟೆಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾನು ಬಳಿದಿಲ್ಲಮ್ಮ" ಅಂದಳು, ಅಷ್ಟೇ. ಮುಂದಿನ ಸಂತೆಯಲ್ಲಿ ಅವಳ ಹತ್ತಿರ ಒಬ್ಬರೂ ಸುಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಂಕುಳಲ್ಲಿ ಕೆಂಪು ಕೋಳಿಯೊಂದನ್ನು ಇರುಕಿಕೊಂಡು ಅವರಿವರನ್ನು ಕೇಳಿಕೊಂಡು ನಮ್ಮ ಮನೆ ಬಾಗಿಲಿಗೇ ಬಂದಳು. ಜಗಳಕ್ಕೆ ಅಂದುಕೊಂಡೆ.

"ಯಾತ್ರಾಗೆ ತೊಳ್ದೆ ಹೇಳು?"

"ಹುಣಸೆಹಣ್ಣಲ್ಲಿ."

"ತತ್ತೀನಾ! ಹುಣಸೆಹಣ್ಣಾಗಾ!" ಅವಳ ಕಣ್ಣು ಅಗಲವಾದವು. "ನಲ್ವತ್ತು ವರ್ಷದಾಗೆ ಇಂಥಾದ್ದು ಕೇಳಿಲ್ಲ ಬಿಡು. ಈ ಕೋಳಿ ಇನ್ನೇನು ತತ್ತಿ ಇಡ್ತಾಳೆ. ನೋಡೇ ಬಿಡಾಣ."

ಹಿತ್ತಲಲ್ಲಿ ಕೋಳಿಯನ್ನು ಬುಟ್ಟಿಯೊಳಗೆ ಕೂರಿಸಿ ಕಾದೆವು. ಅತ್ತೆಯೂ ಮೂಗಿಗೆ ಸೆರಗು ಹಿಡಿದು ಬಾಗಿಲಿಂದ ಇಣುಕುತ್ತಿದ್ದರು. ಬಿಸಿಲೇರಿದ ಮೇಲೆ ಕೋಳಿ ಊರಿಗೆಲ್ಲ ಕೇಳುವ ಹಾಗೆ ಕೂಗಿ ಎದ್ದಿತು. ಬೆಚ್ಚನೆಯ ಕಂದು ಮೊಟ್ಟೆ. ಅಜ್ಜಿ ತಾನೇ ಹುಣಸೆ ರಸದಲ್ಲಿ ನೆನೆಸಿ ಉಜ್ಜಿದಳು. ಬಿಳಿ! ಬಣ್ಣವೆಲ್ಲ ಚಿಪ್ಪಿನ ಮೇಲುಮೇಲಿನದು, ಹುಳಿ ಅದನ್ನು ತಿಂದುಹಾಕುತ್ತದೆ ಅನ್ನುವುದು ಅವಳಿಗೂ ಅವತ್ತೇ ತಿಳಿದದ್ದು.

"ಅಬ್ಬಬ್ಬಾ! ನನಗೂ ಗೊತ್ತಿರ್ಲಿಲ್ಲ ಕಣಮ್ಮ!" ಅಂತ ಮೈ ಕುಲುಕಿಸಿ ನಕ್ಕಳು. ನನಗೆ ನಗು ಬರಲಿಲ್ಲ. ನಾಚಿಕೆಯಿಂದ ಅವಳ ಕಾಲು ಮುಟ್ಟಲು ಬಗ್ಗಿದೆ. ತಡೆದಳು. "ಅದೆಲ್ಲಾ ಬ್ಯಾಡ. ಸಂತೆಯಾಗೆ ಬೈದಿದ್ದೀಯ, ಸಂತೆಯಾಗೇ ಬಂದು ಹೇಳು."

ಹೋದೆ. ಅವಳ ಪಕ್ಕದಲ್ಲೇ ಕೂತು ಬಂದವರಿಗೆಲ್ಲ ಮೊಟ್ಟೆ ಉಜ್ಜಿ ತೋರಿಸಿ, ತಪ್ಪು ನನ್ನದು ಅಂದೆ. ಕೆಲವರು ನಕ್ಕು ಮೊಟ್ಟೆ ಕೊಂಡರು. ಎಷ್ಟೋ ಜನ ಆ ಕಡೆ ತಿರುಗಿಯೂ ನೋಡದೆ ಹೋದರು. ಮಗಳು ಆಮೇಲೆ ಬಿಳಿ ಮೊಟ್ಟೆ ತಿಂದೇ ಚೇತರಿಸಿಕೊಂಡಳು.

ಅಜ್ಜಿ ಹೋದ ವರ್ಷ ತೀರಿಕೊಂಡಳು. ಸುದ್ದಿ ಹೇಳಿದವಳು ಬಳೆ ಅಂಗಡಿಯಾಕೆ. "ಪಾಪ, ಒಳ್ಳೇ ಮುದುಕಿ. ತತ್ತಿಗೆ ಬಣ್ಣ ಬಳೀತಿದ್ಲಂತೆ, ಅದೊಂದು ಬಿಟ್ರೆ" ಅಂದಳು.

"ಇಲ್ಲ, ಬಳೀತಿರ್ಲಿಲ್ಲ" ಅಂದೆ.

"ನಿಮಗೇನು ಗೊತ್ರೀ? ಯಾರೋ ಹೆಂಗಸು ಸಂತೆಯಾಗೇ ಹಿಡಿದು ಬೈದಿದ್ಲಂತೆ."

"ಆ ಹೆಂಗಸು ನಾನೇ" ಅಂದೆ. ಇನ್ನೂ ಎಷ್ಟು ಜನಕ್ಕೆ ಹೀಗೆ ಹೇಳುವುದು ಬಾಕಿ ಇದೆಯೋ, ದೇವರೇ ಬಲ್ಲ.