ಅವ್ವನ ಬೆಳ್ಳಿ ಕರಡಿಗೆ

ಸೇಡಂ ರಸ್ತೆಯ ನಮ್ಮ ಸ್ಕ್ಯಾನ್ ಸೆಂಟರಿಗೆ ಆ ಹೊಸ ಟೆಕ್ನಿಷಿಯನ್ ಹುಡುಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ನಾನು ಹದಿನಾಲ್ಕು ವರ್ಷದಿಂದ ಸಿಟಿ ಸ್ಕ್ಯಾನ್ ಯಂತ್ರದ ಮುಂದೆ ಕೂತು ಕಣ್ಣು ಸವೆಸಿದವಳು. ಆದರೂ ಡಾಕ್ಟರು ಈಚೆಗೆ ಮಾತೆತ್ತಿದರೆ ‘ಆ ಖೂಬಾ ಪ್ಲಾಟ್ ಬಡಾವಣೆ ಹುಡುಗೀನ್ನ ಕರೀರಿ’ ಅನ್ನತೊಡಗಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳ ಕೆಲಸದಲ್ಲಿ ತಪ್ಪು ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ಅವಳು ನಗುವ ರೀತಿಯೇ ಸರಿಯಿಲ್ಲ ಎಂದು ತೀರ್ಮಾನಿಸಿದ್ದೆ.

ಅಂಥದರಲ್ಲಿ ಕಮಲಾಪುರದಿಂದ ಅವ್ವ ಬಂದಳು. ಎರಡು ತಿಂಗಳಿಂದ ಬಿಡದ ಕೆಮ್ಮು. ಎಕ್ಸ್‌ರೇಯಲ್ಲಿ ಏನೋ ಮಸುಕು ಕಂಡಿತ್ತು. ಗಡ್ಡೆಯೋ ಅಲ್ಲವೋ ಸಿಟಿ ಸ್ಕ್ಯಾನಿನಲ್ಲೇ ತಿಳಿಯಬೇಕು. ನಾನೇ ಸ್ಕ್ಯಾನ್ ಮಾಡುತ್ತೇನೆಂದು ಹಟ ಹಿಡಿದೆ.

ಅವ್ವನ ಎದೆಯ ಮೇಲೆ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಅದು ಮೈ ಬಿಟ್ಟು ಸರಿದದ್ದಿಲ್ಲ. ಎಕ್ಸ್‌ರೇ ಕಿರಣ ದೇಹ ದಾಟುವಾಗ ಸೊರಗುತ್ತಾ ಹೋಗುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಅದನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಕೊಡುತ್ತದೆ, ಮಾಂಸ ತನ್ನ ಪಾಲು ಹಿಡಿದಿಟ್ಟುಕೊಳ್ಳುತ್ತದೆ, ಎಲುಬು ಇನ್ನೂ ಹೆಚ್ಚು. ಎಲ್ಲೆಲ್ಲಿ ಎಷ್ಟು ಸೊರಗಿತೆಂದು ಸುತ್ತಲಿಂದ ಅಳೆದೇ ಯಂತ್ರ ಚಿತ್ರ ಬಿಡಿಸುವುದು. ಬೆಳ್ಳಿ ಅಡ್ಡ ಬಂದರೆ ಕಿರಣವನ್ನು ಅದೇ ನುಂಗಿಬಿಡುತ್ತದೆ. ಅಳತೆ ಕೆಟ್ಟು ಚಿತ್ರದ ತುಂಬ ಕಪ್ಪು ಬಿಳಿ ಗೆರೆಗಳು.

‘ಬಿಚ್ಚವ್ವಾ, ಐದು ನಿಮಿಷ’ ಅಂದೆ.

‘ಜೀವ ಹೋದ್ರೂ ಬಿಚ್ಚಂಗಿಲ್ಲ.’

ಲಿಂಗ ಕಟ್ಟಿದ ಬೇರೆ ರೋಗಿಗಳು ಗೊಣಗುತ್ತಲಾದರೂ ಬಿಚ್ಚಿ ಮಕ್ಕಳ ಕೈಗೆ ಕೊಡುತ್ತಿದ್ದರು. ಅವ್ವ ಜಪ್ಪಯ್ಯ ಅನ್ನಲಿಲ್ಲ. ಸಿಟ್ಟಿನಲ್ಲಿ ಕರಡಿಗೆಯನ್ನು ಭುಜದತ್ತ ಸರಿಸಿ ಸ್ಕ್ಯಾನ್ ಮಾಡಿದೆ. ಮಸುಕಿದ್ದ ಜಾಗದ ಮೇಲೆಯೇ ಗೆರೆ ಬಿದ್ದವು. ಡಾಕ್ಟರು ಚಿತ್ರ ನೋಡಿ, ಇನ್ನೊಮ್ಮೆ ಮಾಡಬೇಕೆಂದು ಹೇಳಿ ಆ ಹುಡುಗಿಯನ್ನು ಕರೆದರು.

ಅವಳು ಅವ್ವನ ಪಕ್ಕ ಬಗ್ಗಿ ಕೇಳಿದಳು: ‘ಅವ್ವಾ, ಪೂಜಾದಾಗ ಅಂಗೈಯಾಗ ಹಿಡ್ಕೋತೀರಲ್ರೀ? ಹಂಗ ಕರಡಿಗಿ ಸಮೇತ ಹಿಡ್ಕೊಂಡು ಕೈ ತಲಿ ಮ್ಯಾಲ ಚಾಚ್ರಿ. ಮೈ ಬಿಟ್ಟು ಹೋಗಂಗಿಲ್ಲ.’

ಎದೆಯ ಸ್ಕ್ಯಾನಿಗೆ ಕೈ ಹೇಗೂ ತಲೆಯ ಮೇಲೆಯೇ ಇರುತ್ತದೆ. ಅಂಗೈ ಕಿರಣದ ದಾರಿಗೆ ಬರುವುದೇ ಇಲ್ಲ. ಮನೆಯಲ್ಲಿ ಮರಾಠಿ ಮಾತಾಡುವ, ಲಿಂಗ ಕಟ್ಟದ ಹುಡುಗಿಗೆ ಹೊಳೆದದ್ದು ಹದಿನಾಲ್ಕು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

‘ನೀ ಬಿಚ್ಚು ಬಿಚ್ಚು ಅಂತ ಗಂಟು ಬಿದ್ದಿ. ಇಕಿ ನೋಡು, ಹಿಡ್ಕೋ ಅಂದಳು’ ಎಂದು ಅವ್ವ ನಗುತ್ತ ಮಲಗಿದಳು.

ಗಾಜಿನ ಈಚೆ ನಿಂತು ಪರದೆ ನೋಡುತ್ತಿದ್ದೆ. ಗಡ್ಡೆ ಇರದಿರಲಿ ಎಂದು ಬೇಡಿಕೊಳ್ಳಬೇಕಾದ ಹೊತ್ತಿನಲ್ಲಿ, ಈ ಸಲವೂ ಗೆರೆ ಬೀಳಲಿ ಎಂದು ನನ್ನ ಮನಸ್ಸು ಬೇಡಿಕೊಂಡಿತು. ಒಂದು ಗೆರೆಯೂ ಬೀಳಲಿಲ್ಲ. ಗಡ್ಡೆಯೂ ಇರಲಿಲ್ಲ, ಹಳೆಯ ಸೋಂಕಿನ ಕಲೆಯಷ್ಟೇ ಎಂದರು ಡಾಕ್ಟರು.

ಅವ್ವ ಹೊರಗೆ ಬಂದು ಆ ಹುಡುಗಿಯ ಗಲ್ಲ ಸವರಿದಳು. ಆಮೇಲೆ ನನ್ನ ಹತ್ತಿರ ಬಂದು ಕೈ ಹಿಡಿದಳು.

‘ನನ್ನ ಸಲುವಾಗಿ ಎಷ್ಟು ಅಂಜೀಯವ್ವಾ, ಮಾರಿ ನೋಡು ಹೆಂಗಾಗೇದ’ ಅಂದಳು.

ನಾನು ಹೌದೆಂದು ತಲೆಯಾಡಿಸಿದೆ.